ತಾಳೆ ನೋಡಿದವರು ಇಬ್ಬರು

ತಾಳೆ ನೋಡುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೊದಲನೇ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಕಾಮಾ ಬಂದರೆ ಕಾಮಾ, ದೊಡ್ಡಕ್ಷರ ಬಂದರೆ ದೊಡ್ಡಕ್ಷರ ಎಂದು ಹೇಳುತ್ತ. ಇನ್ನೊಬ್ಬರು ಎರಡನೇ ಪ್ರತಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿಯಬೇಕು. ಎರಡೂ ಒಂದೇ ಇದ್ದರೆ "ಬರೋಬ್ಬರಿ". ಬೇರೆ ಇದ್ದರೆ "ತಡೀರಿ". ನಮ್ಮ ಗುರುಗಳ ಮೆಹದಿಪಟ್ಟಣಂ ಮನೆಯ ನಡುಮನೆಯಲ್ಲಿ ಒಂದಿಡೀ ವರ್ಷದ ಮಧ್ಯಾಹ್ನಗಳನ್ನು ನಾವು ಈ ಎರಡು ಮಾತಿನ ಮೇಲೆ ಕಳೆದೆವು. ಓದುವವಳು ನಾನು, ನೋಡುವವರು ಅವರು.

ಓದುತ್ತಿದ್ದದ್ದು ಹದಿನಾರನೇ ಶತಮಾನದ ಕೊನೆಗಾಲದ ಒಂದು ಇಂಗ್ಲಿಷ್ ನೀಳ್ಗವಿತೆ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಒಬ್ಬ ಮುದುಕ, ಒಬ್ಬ ತರುಣ, ಹೀಗೆ ಇಬ್ಬರು ಕುರಿಗಾಹಿಗಳು ಗುಡ್ಡದ ಮೇಲೆ ಕೂತು ಪ್ರೀತಿ, ಮುಪ್ಪು, ಅರಮನೆಯ ಕೊಳಕು ಎಲ್ಲವನ್ನೂ ಮಾತಾಡುತ್ತಾರೆ. ಅರಮನೆಯಲ್ಲಿ ಬಾಯಿಬಿಡಲಾಗದ್ದನ್ನು ಕುರುಬನ ಬಾಯಲ್ಲಿ ಹೇಳಿಸುವುದು ಆ ಕಾಲದ ಕವಿಗಳ ರೂಢಿ. ಈ ಮಂದಿ ಒಂದು ದಿನವಾದರೂ ಕುರಿಯ ಕಾಲು ಹಿಡಿದವರಲ್ಲ ಎಂದು ಗುರುಗಳು ತರಗತಿಯಲ್ಲಿ ನಗುತ್ತಿದ್ದರು. ನಗುತ್ತಲೇ ಇಡೀ ಕವಿತೆಯನ್ನು ಪುಸ್ತಕ ಮುಟ್ಟದೆ ಒಪ್ಪಿಸುತ್ತಿದ್ದರು. ಆ ಬಾಯಿಪಾಠಕ್ಕೆ ಮರುಳಾಗಿಯೇ ನಾನು ರಿನೈಸಾನ್ಸ್ ಸಾಹಿತ್ಯ ಹಿಡಿದದ್ದು.

ಆ ಕವಿತೆಯ ಎರಡೇ ಪ್ರತಿಗಳು ಉಳಿದಿವೆ, ಎರಡೂ ಹೊರದೇಶದ ಬೇರೆ ಬೇರೆ ಗ್ರಂಥಾಲಯಗಳಲ್ಲಿ. ನಮ್ಮ ಬಳಿ ಇದ್ದದ್ದು ಅಲ್ಲಿಂದ ತರಿಸಿದ ಪುಟಗಳನ್ನು ಕೋಠಿಯ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸಿದ ಎರಡು ಕಟ್ಟುಗಳು, ಮೊದಲನೇ ಪ್ರತಿಯದು ನನಗೆ, ಎರಡನೇ ಪ್ರತಿಯದು ಗುರುಗಳಿಗೆ. ಒಂದೇ ಸಲ ಅಚ್ಚಾದ ಪುಸ್ತಕದ ಎರಡು ಪ್ರತಿಗಳಲ್ಲಿ ವ್ಯತ್ಯಾಸ ಯಾಕಿರಬೇಕು ಎಂದು ಕೇಳುವವರಿಗೆ ನಾನು ಮದುವೆ ಪತ್ರಿಕೆಯ ಉದಾಹರಣೆ ಕೊಡುತ್ತೇನೆ. ಅರ್ಧ ಅಚ್ಚಾದ ಮೇಲೆ ಸೋದರಮಾವನ ಹೆಸರು ಬಿಟ್ಟುಹೋದದ್ದು ಕಣ್ಣಿಗೆ ಬೀಳುತ್ತದೆ. ಯಂತ್ರ ನಿಲ್ಲಿಸಿ ಹೆಸರು ಸೇರಿಸುತ್ತಾರೆ. ಹಾಗೆಂದು ಮೊದಲು ಅಚ್ಚಾದವನ್ನು ಯಾರೂ ಎಸೆಯುವುದಿಲ್ಲ, ದೂರದ ನೆಂಟರಿಗೆ ಕಳಿಸುತ್ತಾರೆ. ಆ ಕಾಲದ ಮುದ್ರಕರೂ ಅಷ್ಟೇ. ಕಾಗದ ದುಬಾರಿ, ತಿದ್ದುವ ಮೊದಲಿನ ಹಾಳೆ, ತಿದ್ದಿದ ಹಾಳೆ ಎರಡನ್ನೂ ಕೈಗೆ ಸಿಕ್ಕ ಹಾಗೆ ಸೇರಿಸಿ ಹೊಲಿದುಬಿಡುತ್ತಿದ್ದರು. ಯಾವ ಸಾಲು ಮೊದಲಿನದು, ಯಾವುದು ತಿದ್ದಿದ್ದು ಎಂದು ಕಂಡುಹಿಡಿಯುವುದೇ ನಮ್ಮಂಥವರ ಹೊಟ್ಟೆಪಾಡು.

ಗುರುಗಳು ನಿವೃತ್ತರಾಗಿ ವರ್ಷಗಳಾಗಿದ್ದವು. ಬೀದರ್ ಕಡೆಯ ಮನೆತನ, ತಾತನ ಕಾಲದಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ದಖನಿ ಉರ್ದು, ತರಗತಿಯಲ್ಲಿ ಇಂಗ್ಲಿಷ್ ಆಡಿಕೊಂಡು ಜೀವಮಾನ ಕಳೆದವರು. ಅವರ ಹೆಸರಿನಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಎಂದೋ ಒಂದು ವಿಚಾರಸಂಕಿರಣಕ್ಕೆ ಬಂದ ಹೊರದೇಶದ ಪ್ರೊಫೆಸರರೊಬ್ಬರು, ಹೈದರಾಬಾದಿನಲ್ಲಿ ಝೆರಾಕ್ಸ್ ಇಟ್ಟುಕೊಂಡು ಇಂಥ ಸಂಪಾದನೆ ಆಗುವ ಮಾತಲ್ಲ ಎಂದು ಊಟದ ತಟ್ಟೆ ಹಿಡಿದುಕೊಂಡೇ ಹೇಳಿದ್ದರಂತೆ. ಆ ಮಾತು ಗುರುಗಳ ಹೊಟ್ಟೆಯಲ್ಲಿ ಕೂತಿತ್ತು. ಈಗ ಅದೇ ಕಡೆಯ ಒಬ್ಬ ಪ್ರಕಾಶಕರು ಪುಸ್ತಕಕ್ಕೆ ಒಪ್ಪಿದ್ದರು. ಪ್ರತಿಗಳನ್ನು ಯಾರು, ಹೇಗೆ ತಾಳೆ ನೋಡಿದರು ಎಂದು ಮುನ್ನುಡಿಯಲ್ಲಿ ಬರೆಯಬೇಕು ಎಂಬುದೊಂದೇ ಷರತ್ತು. ಇದು ನಮ್ಮ ಕಸುಬಿನ ಕಟ್ಟುನಿಟ್ಟು. ಓದುವವನು ಎರಡು ದೇಶ ಸುತ್ತಿ ಪರೀಕ್ಷೆ ಮಾಡುವುದಿಲ್ಲ, ಆ ಒಂದು ವಾಕ್ಯವನ್ನು ನಂಬಿಯೇ ಪುಸ್ತಕ ಕೈಗೆತ್ತಿಕೊಳ್ಳುತ್ತಾನೆ. ನಮ್ಮಿಂದ ಒಂದು ವ್ಯತ್ಯಾಸ ತಪ್ಪಿಹೋಗಿ ಅಲ್ಲಿನವರ ಕಣ್ಣಿಗೆ ಬಿದ್ದರೆ, ನಾವು ಹೇಳಿರಲಿಲ್ಲವೇ ಎನ್ನುವುದಕ್ಕೆ ಜನ ಕಾದಿದ್ದರು.

ನಾನು ಆಗ ಕೋಠಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಊರಿಗೆ ಊರೇ ಕಂಪ್ಯೂಟರ್ ಜಪ ಮಾಡುತ್ತಿದ್ದ ಕಾಲ. ನನ್ನ ರಿನೈಸಾನ್ಸ್ ಪತ್ರಿಕೆಯನ್ನು ಐಚ್ಛಿಕ ಮಾಡಿದರು, ಬೆಂಚುಗಳು ಖಾಲಿಯಾದವು. ಇವಳನ್ನು ಏನು ಮಾಡುವುದು ಎಂದು ವಿಭಾಗದವರು ಯೋಚಿಸುತ್ತಿದ್ದಾಗ ಮಾಧಾಪುರದ ಒಂದು ಕಾಲ್ ಸೆಂಟರ್ ನನ್ನನ್ನು ಕರೆಯಿತು. ಸಂಜೆಯ ಹೊತ್ತು ಅಲ್ಲಿ ಬೆಂಗಳೂರು, ಮಂಗಳೂರು, ಗುಂಟೂರುಗಳಿಂದ ಬಂದ ತರುಣ ತರುಣಿಯರಿಗೆ ಅಮೆರಿಕದವರ ಹಾಗೆ ನಾಲಗೆ ಹೊರಳಿಸಲು ಕಲಿಸುವುದು ನನ್ನ ಕೆಲಸ. ಕಾಲೇಜು ಮುಗಿಸಿ ಬಸ್ಸಿನಲ್ಲಿ ಮೆಹದಿಪಟ್ಟಣಂಗೆ ಬಂದು, ಗುರುಗಳ ಜೊತೆ ಕೂತು ತಾಳೆ ನೋಡಿ, ಬೀದಿಯ ತಿರುವಿಗೆ ಬರುವ ಕಂಪನಿಯ ವ್ಯಾನು ಹತ್ತುವುದು ದಿನಚರಿಯಾಯಿತು. ಹಾರ್ನು ಕೇಳಿದರೆ ಸಾಲಿನ ನಡುವೆಯೇ ಎದ್ದುಬಿಡುತ್ತಿದ್ದೆ. ಸಂಜೆಯ ನಾಲಗೆ ಮಧ್ಯಾಹ್ನಕ್ಕೂ ನುಗ್ಗುತ್ತಿತ್ತು. "ಏನ್ರಿ, ನಮ್ಮ ಕುರುಬ ಅಮೆರಿಕಾಕ್ಕ ಹೋಗಿ ಬಂದಾನೇನು?" ಎಂದು ಗುರುಗಳು ಕೆಣಕುತ್ತಿದ್ದರು. ವಿದ್ಯಾರ್ಥಿನಿಯಾಗಿದ್ದಾಗ ನನ್ನನ್ನು ನೀ ಎನ್ನುತ್ತಿದ್ದವರು ನಾನು ಲೆಕ್ಚರರ್ ಆದ ದಿನದಿಂದ ನೀವು ಎನ್ನತೊಡಗಿದ್ದರು. ನಾನು ಬೇಡವೆಂದರೂ ಕೇಳಿರಲಿಲ್ಲ.

ತಾಳೆ ನೋಡುವಾಗ ದೊಡ್ಡ ಶತ್ರು ನಿದ್ದೆ. ಅರ್ಥ ನೋಡದೆ ಬರೀ ಅಕ್ಷರ ನೋಡುತ್ತ ಕೂತರೆ ಎಂಥವರಿಗೂ ಕಣ್ಣು ಎಳೆಯುತ್ತದೆ. ಅದಕ್ಕೆ ಗುರುಗಳದೊಂದು ಪದ್ಧತಿ ಇತ್ತು. ಓದುವವರು ಪುಟಕ್ಕೊಂದು ಕಡೆ ಬೇಕೆಂದೇ ಒಂದು ಸುಳ್ಳು ಪದ ಸೇರಿಸಿ ಓದಬೇಕು. ನೋಡುವವರು ಅದನ್ನು ಹಿಡಿದು ತಡೀರಿ ಎನ್ನಬೇಕು. ಹಿಡಿಯದಿದ್ದರೆ ಆ ಪುಟ ಮತ್ತೆ ಮೊದಲಿನಿಂದ. ಸುಳ್ಳು ಪದ ಇಡುವುದೂ ಸುಲಭವಲ್ಲ, ಛಂದಸ್ಸು ಕೆಡಬಾರದು, ಅರ್ಥವೂ ಹೊಂದಿಕೊಳ್ಳಬೇಕು. ನಾನು ವ್ಯಾನಿನಲ್ಲಿ ಕೂತಾಗಲೇ ಮರುದಿನದ ಸುಳ್ಳುಗಳನ್ನು ಹೊಸೆದುಕೊಂಡಿರುತ್ತಿದ್ದೆ. ಗುರುಗಳು ಒಂದನ್ನೂ ಬಿಡುತ್ತಿರಲಿಲ್ಲ. ತಡೀರಿ ಎಂದು ಹೇಳಿ, ನಕ್ಕು, ಪುಟ ಮುಗಿದ ಮೇಲೆ ಹಾಳೆಯ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಿದ್ದರು.

ಶುರುವಿನ ಪುಟಗಳಲ್ಲಿ ನಿಜವಾದ ವ್ಯತ್ಯಾಸಗಳು ಅಲ್ಲೊಂದು ಇಲ್ಲೊಂದು ಸಿಕ್ಕಿದ್ದವು. ಬರಬರುತ್ತ ಕಡಿಮೆಯಾದವು. ಆಮೇಲೆ ನಿಂತೇಹೋದವು. ಪುಟದ ಮೇಲೆ ಪುಟ, ಬರೋಬ್ಬರಿ, ಬರೋಬ್ಬರಿ. ಇದು ಅನುಮಾನ ಪಡಬೇಕಾದ ವಿಷಯ. ನನಗೆ ಖುಷಿಯಾಯಿತು. ವ್ಯತ್ಯಾಸ ಸಿಕ್ಕರೆ ಅದನ್ನು ಬರೆದುಕೊಳ್ಳಬೇಕು, ಯಾವುದು ಮೂಲ ಎಂದು ಚರ್ಚಿಸಬೇಕು, ಒಂದು ಪದಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ. ಸಿಗದಿದ್ದರೆ ವ್ಯಾನಿಗೆ ಮುಂಚೆ ನಾಲ್ಕು ಪುಟ ಜಾಸ್ತಿ ಆಗುತ್ತದೆ.

ಬೇರೆಯೂ ಕಂಡಿದ್ದೆ. ಗುರುಗಳ ಹೆಂಡತಿಯನ್ನು ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಅವರು ಮೊದಲು ಚಹಾದ ಕಪ್ಪನ್ನು ಟೀಪಾಯಿಯ ಮೇಲಿಟ್ಟು ಹೋಗುತ್ತಿದ್ದವರು ಈಗ ಗುರುಗಳ ಕೈಗೇ ಕೊಟ್ಟು, ಬೆರಳು ಹಿಡಿಗೆ ಸಿಕ್ಕಿತೆಂದು ಖಾತ್ರಿ ಮಾಡಿಕೊಂಡು ಕೈ ಬಿಡುತ್ತಿದ್ದರು. ನಡುಮನೆಯ ಟ್ಯೂಬ್‌ಲೈಟ್ ಎರಡಾಗಿತ್ತು. ಅಕ್ಷರ ಮಸುಕು, ಕೋಠಿಯ ಝೆರಾಕ್ಸ್ ಅಂಗಡಿಯವನು ಇಂಕಿಗೆ ನೀರು ಬೆರೆಸುತ್ತಾನೆ ಎಂದು ಗುರುಗಳು ಬೈಯುತ್ತಿದ್ದರು, ನಾನೂ ದನಿಗೂಡಿಸುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ಹಾಗೆ.

ಕೊನೆಯ ಭಾಗಕ್ಕೆ ಬಂದಾಗ ಗುರುಗಳ ಕಟ್ಟನ್ನು ಜೋಡಿಸಿಡಲೆಂದು ದಿಲ್‌ಸುಖ್‌ನಗರದ ನನ್ನ ಮನೆಗೆ ಒಯ್ದೆ. ಒಂದೊಂದೇ ಹಾಳೆ ಮಗುಚುತ್ತಿದ್ದಾಗ ನಡುವೆ ಒಂದು ಖಾಲಿ ಹಾಳೆ ಬಂತು. ಅಂಗಡಿಯವನು ಅಚ್ಚಿನ ಬದಿ ಬಿಟ್ಟು ಹಾಳೆಯ ಬೆನ್ನನ್ನು ಝೆರಾಕ್ಸ್ ಮಾಡಿದ್ದ. ಆ ಪುಟ ಇರಬೇಕಾದ ಜಾಗದಲ್ಲಿ ಒಂದಕ್ಷರವೂ ಇರಲಿಲ್ಲ. ಮೂಲೆಯಲ್ಲಿ ಗುರುಗಳ ಪೆನ್ಸಿಲ್ ಗುರುತು ಇತ್ತು.

ಆ ಪುಟ ಓದಿದ ದಿನ ನನಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಅವತ್ತಿನ ಸುಳ್ಳು ಪದದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಅದನ್ನೂ ಹಿಡಿದಿದ್ದರು. ಖಾಲಿ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಹಿಡಿದಿದ್ದರು. ಅಂದರೆ ಕಣ್ಣಿನಿಂದಲ್ಲ, ನೆನಪಿನಿಂದ. ಹಳೆಯ ಸಂಕಲನವೊಂದರಲ್ಲಿ ಅಚ್ಚಾಗಿ ಅವರಿಗೆ ಬಾಯಿಪಾಠವಾಗಿದ್ದದ್ದು ಮೊದಲನೇ ಪ್ರತಿಯ ಪಾಠ, ನಾನು ಓದುತ್ತಿದ್ದದ್ದೂ ಅದೇ. ನಾನು ಪದ ತಪ್ಪಿಸಿದರೆ ನೆನಪು ಹಿಡಿಯುತ್ತಿತ್ತು. ಮುದ್ರಕ ತಿದ್ದಿದ ಪದ ಮಾತ್ರ ಅವರ ನೆನಪಿನಲ್ಲಿಲ್ಲ, ಎರಡನೇ ಪ್ರತಿಯ ಹಾಳೆಯ ಮೇಲಿದೆ. ಅದನ್ನು ಕಣ್ಣೇ ಹಿಡಿಯಬೇಕು. ನಮ್ಮ ಸುಳ್ಳು ಪದದ ಪದ್ಧತಿ ನಿದ್ದೆ ಹೋದವನನ್ನು ಹಿಡಿಯುತ್ತದೆ, ಬಾಯಿಪಾಠ ಬರುವವನನ್ನು ಹಿಡಿಯುವುದಿಲ್ಲ. ಇಷ್ಟು ದಿನ ಅದು ನನಗೆ ಹೊಳೆದಿರಲಿಲ್ಲ.

ಆಗಲೇ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಯಾವುದೋ ಒಂದು ಪುಟ ತೆಗೆದು ನೋಡಿದೆ. ಬರೋಬ್ಬರಿ ಆದ ಪುಟ. ನಡುವೆಯೇ ಒಂದು ಪದ ಬೇರೆ ಇತ್ತು.

ಮರುದಿನ ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಬದಲು ಪರೀಕ್ಷೆ ಮಾಡಿದೆ. ಅದೊಂದು ಹಾಳೆ ಅಕಸ್ಮಾತ್ತಾಗಿ ದಾಟಿರಬಹುದು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಕಂಪನಿಯ ಪ್ರಿಂಟರಿನ ಟ್ರೇಯಿಂದ ದಪ್ಪನೆಯ ಬಿಳಿ ಹಾಳೆಗಳನ್ನು ತೆಗೆದುಕೊಂಡು ಹೋಗಿ, ಗುರುಗಳು ಅವತ್ತು ನೋಡಬೇಕಿದ್ದ ಪುಟಗಳ ಜಾಗದಲ್ಲಿ ಇಟ್ಟೆ. ಗುರುವಿಗೇ ತಿರುಮಂತ್ರ. ಅವರೇ ಕಲಿಸಿದ ಸುಳ್ಳು ಪದದ ವಿದ್ಯೆಯನ್ನು ಅವರ ಮೇಲೆಯೇ ಪ್ರಯೋಗ ಮಾಡಿದೆ.

ನಾನು ಓದಲು ಶುರು ಮಾಡಿದೆ. ಗುರುಗಳು ಹಾಳೆಯ ಮೇಲೆ ಬೆರಳಿಟ್ಟರು. ಒಂದು ಸಲ ಹಾಳೆಯನ್ನು ಎತ್ತಿ ಮುಖದ ಹತ್ತಿರ ತಂದು ಮತ್ತೆ ತೊಡೆಯ ಮೇಲಿಟ್ಟುಕೊಂಡರು. ನಾನು ಒಂದು ಸಾಲು ಓದಿ ನಿಲ್ಲಿಸಿದೆ. ಅವರು ತಡವಾಗಿ, ಮೆಲ್ಲಗೆ, ಬರೋಬ್ಬರಿ ಎಂದರು. ಇನ್ನೊಂದು ಸಾಲು. ಬೆರಳು ಒಂದು ಸಾಲಿನಷ್ಟೇ ಕೆಳಗೆ ಸರಿಯಿತು, ಏನೂ ಇಲ್ಲದ ಆ ಬಿಳುಪಿನಲ್ಲಿ. ಬರೋಬ್ಬರಿ. ಸುಳ್ಳು ಪದ ಇಟ್ಟ ಜಾಗ ಬಂತು, ಓದಿದೆ. ಅವರು ತಲೆಯೆತ್ತಿ ನನ್ನ ಕಡೆ ಮುಖ ಮಾಡಿ ತಡೀರಿ ಎಂದರು. ಅವತ್ತು ಮಾತ್ರ ನಗಲಿಲ್ಲ. ದಣಿದಿದ್ದಾರೆ ಎಂದುಕೊಂಡೆ. ಹಾರ್ನು ಕೇಳುವವರೆಗೂ ಓದಿದೆ, ಅವರು ಎಲ್ಲದಕ್ಕೂ ಬರೋಬ್ಬರಿ ಎಂದರು, ಎಲ್ಲ ಬಿಳಿ ಹಾಳೆಗಳಿಗೂ ಗುರುತು ಹಾಕಿದರು. ನಾನು ಅವನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ. ಕಳ್ಳತನ ಮಾಡಿದವಳ ಹಾಗೆ ಹೊರಟೆ.

ಬಾಯಾರು ಗೇಟಿನವರೆಗೆ ಬಂದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. ಕಣ್ಣಿನ ನರಗಳು ಒಣಗುತ್ತಿವೆ, ಕಿಟಕಿ ಎಲ್ಲಿದೆ ಬಾಗಿಲು ಎಲ್ಲಿದೆ ಅಷ್ಟು ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತಂತೆ. ನನಗೆ ಹೇಳಕೂಡದೆಂದು ಗುರುಗಳು ಆಣೆ ಹಾಕಿಸಿದ್ದರಂತೆ.

"ನೀವು ಬರ್ತೀರಂತ ಮುಂಜಾನಿಂದ ದಾರಿ ನೋಡ್ತಾರ್ರಿ. ಗಡ್ಡ ಮಾಡ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಕೂಡ್ತಾರ. ಇದೊಂದು ಹೋತಂದ್ರ ಆ ಮನಷ್ಯಾ ಎದ್ದು ಕೂಡಾಂಗಿಲ್ಲ. ಹೇಳಬ್ಯಾಡ್ರಿ," ಎಂದರು.

ಹೇಳಬಾರದು ಎಂದು ತೀರ್ಮಾನಿಸಿದೆ. ಬಾಯಾರ ಮಾತಿಗೆ ಕಟ್ಟುಬಿದ್ದು ಹಾಗೆ ಮಾಡಿದೆ ಎಂದು ಹೇಳಿಕೊಳ್ಳಲು ಚೆಂದ. ಎದುರು ಕೂತು ನಿಮಗೆ ಕಾಣುವುದಿಲ್ಲ ಎಂದು ಹೇಳುವ ಕೆಲಸ ತಪ್ಪಿತಲ್ಲ ಎಂದು ವ್ಯಾನಿನಲ್ಲಿ ಕೂತಾಗ ಮೈ ಹಗುರಾದದ್ದೂ ಅಷ್ಟೇ ನಿಜ.

ಆ ಖಾಲಿ ಪುಟವನ್ನು ಮತ್ತೆ ಝೆರಾಕ್ಸ್ ಮಾಡಿಸಿಕೊಂಡು, ಇಡೀ ಕವಿತೆಯನ್ನು ಮೊದಲಿನಿಂದ ಒಬ್ಬಳೇ ತಾಳೆ ನೋಡತೊಡಗಿದೆ. ಇಬ್ಬರ ಕೆಲಸವನ್ನು ಒಬ್ಬರು ಮಾಡುವುದಕ್ಕೆ ಬೇರೆ ಉಪಾಯ ಬೇಕು. ರಟ್ಟಿನಲ್ಲಿ ಒಂದು ಸಾಲು ಮಾತ್ರ ಕಾಣುವ ಕಿಂಡಿ ಕೊರೆದು ಎರಡೂ ಪ್ರತಿಗಳ ಮೇಲಿಟ್ಟೆ. ಸಾಲನ್ನು ಕೊನೆಯಿಂದ ಮೊದಲಿಗೆ, ಹಿಂದುಮುಂದಾಗಿ ಓದಿದೆ. ನೇರ ಓದಿದರೆ ಅರ್ಥ ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ಇರುವುದರ ಬದಲು ಇರಬೇಕಾದದ್ದು ಕಾಣುತ್ತದೆ. ಬೆಳಿಗ್ಗೆ ಕಾಲೇಜಿಗೆ ಮುಂಚೆ, ಭಾನುವಾರ ಇಡೀ ದಿನ ಊಟದ ಮೇಜೇ ನನ್ನ ಗ್ರಂಥಾಲಯ. ಕೆಳಗೆ ಬೀದಿಯಲ್ಲಿ ಕೋಚಿಂಗ್ ಸೆಂಟರುಗಳ ಆಟೋಗಳು ಮೈಕಿನಲ್ಲಿ ಜಾವಾ, ಒರಾಕಲ್, ಗ್ಯಾರಂಟಿ ನೌಕರಿ ಎಂದು ಕೂಗುತ್ತ ಓಡಾಡುತ್ತಿದ್ದವು. ನನ್ನ ಸಂಜೆಯ ತರಗತಿಯ ಮಂಗಳೂರಿನ ತರುಣಿಯೊಬ್ಬಳಿಗೆ ವಿಷಯ ಹೇಳಿದಾಗ, ಎರಡೂ ಫೈಲು ಕೊಟ್ಟರೆ ಕಂಪ್ಯೂಟರ್ ಒಂದು ನಿಮಿಷದಲ್ಲಿ ಹೇಳುತ್ತದಲ್ಲ ಮೇಡಂ ಎಂದಳು. ಕೊಡಬಹುದಿತ್ತು. ಆದರೆ ಮೊದಲು ಯಾರಾದರೂ ಎರಡನ್ನೂ ತಪ್ಪಿಲ್ಲದೆ ಟೈಪ್ ಮಾಡಬೇಕು, ಟೈಪ್ ಮಾಡಿದ್ದನ್ನು ಮತ್ತೆ ಇಬ್ಬರು ಕೂತು ತಾಳೆ ನೋಡಬೇಕು.

ಇತ್ತ ಮಧ್ಯಾಹ್ನಗಳೂ ನಿಲ್ಲಲಿಲ್ಲ. ನಾನು ಓದುತ್ತಿದ್ದೆ, ಅವರು ಬರೋಬ್ಬರಿ ಎನ್ನುತ್ತಿದ್ದರು. ಸುಳ್ಳು ಪದ ಇಡುತ್ತಿದ್ದೆ, ಹಿಡಿಯುತ್ತಿದ್ದರು. ಬಿಳಿ ಹಾಳೆ ಮತ್ತೆಂದೂ ಇಡಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದೆ ಉಳಿಸಿಕೊಂಡೆ. ಚಹಾ ಬರುತ್ತಿತ್ತು, ಅವಲಕ್ಕಿಯ ಚುಡುವಾ ಬರುತ್ತಿತ್ತು, ಗುರುಗಳು ಇಸ್ತ್ರಿ ಅಂಗಿಯಲ್ಲಿ ಕೂತಿರುತ್ತಿದ್ದರು. ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಒಂದೊಂದು ದಿನ ಅನ್ನಿಸುತ್ತಿತ್ತು. ಹೆಚ್ಚಿನ ದಿನ, ಕಣ್ಣಿಲ್ಲದವರನ್ನು ಕೂರಿಸಿಕೊಂಡು ಆಟ ಆಡಿಸುತ್ತಿದ್ದೇನೆ ಎಂದು ಅನ್ನಿಸಿ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಆ ಹೇಸಿಗೆಗೆ ಓದುವ ವೇಗ ಹೆಚ್ಚುತ್ತಿತ್ತು. ಯಾಕ್ರಿ ಇಷ್ಟು ಅವಸರ ಎಂದು ಅವರು ಕೇಳಿದರೆ ವ್ಯಾನಿನ ಹೆಸರು ಹೇಳುತ್ತಿದ್ದೆ.

ಅತ್ತ ಊಟದ ಮೇಜಿನ ಮೇಲೆ ವ್ಯತ್ಯಾಸಗಳು ಒಂದೊಂದೇ ಎದ್ದು ಬರುತ್ತಿದ್ದವು. ಹೆಚ್ಚಿನವು ಚಿಕ್ಕವು, ಕಾಮಾ ಜಾಗದಲ್ಲಿ ಚುಕ್ಕೆ ಇಂಥವು. ಕವಿತೆಯ ಕೊನೆಯ ಹತ್ತಿರ ಒಂದು ಸಾಲಿಗೆ ಬಂದಾಗ ಮಾತ್ರ ರಟ್ಟು ಸರಿಸಲು ಆಗದೆ ನಿಂತೆ. ಮೊದಲನೇ ಪ್ರತಿಯಲ್ಲಿ ಮುದಿ ಕುರುಬ, ಕತ್ತಲಾಯಿತು, ಕುರಿಗಳು ದಾರಿ ತಪ್ಪಿದವು ಎನ್ನುತ್ತಾನೆ. ಎರಡನೇ ಪ್ರತಿಯಲ್ಲಿ ಅದೇ ಸಾಲು, ಕತ್ತಲಾಯಿತು, ಕುರಿಗಳು ನನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತಿವೆ ಎಂದಾಗಿದೆ. ಇದು ಅಚ್ಚುಮೊಳೆ ಜೋಡಿಸುವವನ ಕೈತಪ್ಪಲ್ಲ. ಯಂತ್ರ ನಿಲ್ಲಿಸಿ, ಕವಿಯೇ ಬಂದು ನಿಂತು ಬದಲಾಯಿಸಿರಬೇಕು. ನಮ್ಮ ಇಡೀ ಸಂಪಾದನೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಸಿಗುವಂತಿರಲಿಲ್ಲ. ಈ ಭೂಮಿಯ ಮೇಲೆ ಇದನ್ನು ಕೇಳಿ ಕುಣಿದಾಡುವ ಮನುಷ್ಯ ಒಬ್ಬನೇ ಒಬ್ಬ, ಮೆಹದಿಪಟ್ಟಣಂನಲ್ಲಿ ಕೂತಿದ್ದ. ಅವರಿಗೆ ಹೇಳುವಂತಿರಲಿಲ್ಲ. ಹೇಳಿದರೆ ಎಲ್ಲಿ ಸಿಕ್ಕಿತು, ಯಾವಾಗ ನೋಡಿದಿರಿ ಎಂಬ ಪ್ರಶ್ನೆ ಬರುತ್ತದೆ. ಆ ಸಾಲಿನ ಮಧ್ಯಾಹ್ನ ಬಂದಾಗ ಅವರ ಎದುರು ಮೊದಲನೇ ಪ್ರತಿಯ ಸಾಲನ್ನೇ ಓದಿದೆ. ಅವರು ಬರೋಬ್ಬರಿ ಎಂದರು. ನಾನು ಮುಂದಿನ ಸಾಲಿಗೆ ಹೋದೆ. ಅವತ್ತು ಮಾಧಾಪುರದಲ್ಲಿ ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ.

ಎಲ್ಲ ಮುಗಿದ ಮೇಲೆ ವ್ಯತ್ಯಾಸಗಳನ್ನೆಲ್ಲ ಪುಸ್ತಕದ ಹಿಂಭಾಗದಲ್ಲಿ ಚಿಕ್ಕಕ್ಷರದಲ್ಲಿ ಸೇರಿಸಿದೆ. ಉಳಿದದ್ದು ಮುನ್ನುಡಿ. ಗುರುಗಳು ಬಾಯಲ್ಲಿ ಹೇಳಿ ನಾನು ಬರೆದುಕೊಂಡದ್ದು. ತಾಳೆ ನೋಡಿದ ರೀತಿಯ ಬಗೆಗಿನ ವಾಕ್ಯವನ್ನು ಮಾತ್ರ, ಅದು ನಿಮಗೆ ಬಿಟ್ಟದ್ದು ಎಂದು ನನಗೇ ಒಪ್ಪಿಸಿದ್ದರು. ಆಗ ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ಆ ವಾಕ್ಯ ಬರೆಯಲು ಕೂತಾಗ ಕೈ ಓಡಲಿಲ್ಲ. ಸತ್ಯ ಬರೆದರೆ ಗುರುಗಳು ನೋಡಲಿಲ್ಲ ಎಂದು ಅಚ್ಚು ಹಾಕಿಸಿದ ಹಾಗೆ. ಸುಳ್ಳು ಬರೆದರೆ ನಂಬಿ ಓದುವವನಿಗೆ ಮೋಸ. ಪಟ್ಟಿ ಸರಿಯಾಗಿದೆಯಲ್ಲ, ನೋಡಿದವರು ಒಬ್ಬರಾದರೇನು ಇಬ್ಬರಾದರೇನು ಎಂದು ವಾದ ಹೂಡಿ, ಸುಳ್ಳನ್ನೇ ಬರೆದೆ.

ಕೊನೆಯ ಸಲ ಕೂತ ಮಧ್ಯಾಹ್ನ ಮುನ್ನುಡಿಯನ್ನು ಅವರಿಗೆ ಓದಿ ಹೇಳಿದೆ. ಅವರ ತೊಡೆಯ ಮೇಲೆ ಅವತ್ತು ಹಾಳೆ ಇರಲಿಲ್ಲ, ಕೈಗಳೆರಡೂ ಬರಿದಾಗಿದ್ದವು. ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಏರಿಳಿತವಿಲ್ಲದೆ ಓದುತ್ತ ಆ ವಾಕ್ಯಕ್ಕೆ ಬಂದೆ: "ಎರಡೂ ಪ್ರತಿಗಳನ್ನು ಆದ್ಯಂತವಾಗಿ ತಾಳೆ ನೋಡಿದವರು ಇಬ್ಬರು."

"ತಡೀರಿ," ಎಂದರು ಗುರುಗಳು.

ನಾನು ನಿಲ್ಲಿಸಿದೆ. ಅವರು ಕಣ್ಣು ತೆರೆಯಲಿಲ್ಲ. ಅಲ್ಲಿ ಇಬ್ಬರು ತೆಗೆದು ಒಬ್ಬರು ಎಂದು ಹಾಕಿರಿ, ನಿಮ್ಮ ಹೆಸರು ಹಾಕಿರಿ ಎಂದರು. ಅಡುಗೆಮನೆಯಲ್ಲಿ ಬಾಯಾರ ಕೈಯ ಪಾತ್ರೆಯ ಸದ್ದು ನಿಂತಿತು.

"ಕೋಠಿ ಅಂಗಡಿ ಹಾಳಿ ತೆಳ್ಳಗ ಇರ್ತಾವ್ರಿ. ಅದರಾಗಿನ ಒಂದ್ ಖಾಲಿ ಇದ್ರ ನನಗ ತಿಳಿಯಾಂಗಿಲ್ಲ. ಅವತ್ತ ನೀವು ಕೊಟ್ಟಾವು ನಿಮ್ಮ ಕಂಪನಿ ಹಾಳಿ. ದಪ್ಪ. ಇಂಕಿನ ವಾಸನಿ ಇಲ್ಲ. ಬೆರಳಿಟ್ಟ ಕೂಡ್ಲೆ ಗೊತ್ತಾತು."

ಅದರಲ್ಲಿ ತಪ್ಪೇನೂ ಇಲ್ಲ, ಹಾಗೆ ಪರೀಕ್ಷೆ ಮಾಡುವುದನ್ನು ಕಲಿಸಿದವನೇ ತಾನು ಎಂದರು. ನೀವು ಒಬ್ಬರೇ ಕೂತು ಮತ್ತೆ ಮೊದಲಿನಿಂದ ನೋಡುತ್ತೀರಿ ಎಂಬುದೂ ಗೊತ್ತಿತ್ತು, ನನ್ನ ಕೈಯಲ್ಲಿ ಕಲಿತವರು ನೋಡದೆ ಬಿಡುತ್ತೀರಾ ಎಂದರು. ಆಮೇಲೆ, ಏನೇನು ಸಿಕ್ಕಿತು ಓದಿ ಎಂದರು. ಹಿಂಭಾಗದ ಪಟ್ಟಿಯನ್ನು ಓದತೊಡಗಿದೆ. ಮುದಿ ಕುರುಬನ ಸಾಲು ಬಂದಾಗ ಗುರುಗಳು ನೆಟ್ಟಗೆ ಕೂತರು. ಇನ್ನೊಮ್ಮೆ ಓದಲು ಹೇಳಿದರು, ಮತ್ತೂ ಒಮ್ಮೆ. ಜೀವಮಾನವಿಡೀ ಬೇರೆ ರೀತಿ ಬಾಯಿಪಾಠವಾಗಿದ್ದ ಆ ಸಾಲನ್ನು ತುಟಿಯಲ್ಲೇ ಹೊಸದಾಗಿ ಹೇಳಿಕೊಂಡರು. ಮುಖ ಅರಳಿತ್ತು. ಇದನ್ನು ಹುಡುಕಿದ ದಿನವೇ ನನಗೆ ಹೇಳಬಾರದಿತ್ತೇನ್ರಿ ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊರಗೆ ವ್ಯಾನು ಹಾರ್ನು ಹೊಡೆಯಿತು. ನಾನು ಏಳಲಿಲ್ಲ. ಗೊತ್ತಿದ್ದೂ ಅವತ್ತು, ಆಮೇಲೆ ಅಷ್ಟು ದಿನ, ಬರೋಬ್ಬರಿ ಎಂದು ಯಾಕೆ ಹೇಳುತ್ತಿದ್ದಿರಿ ಸರ್ ಎಂದು ಕೇಳಿದೆ.

ಗುರುಗಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಎಷ್ಟೋ ವರ್ಷಗಳ ಮೇಲೆ ನನ್ನನ್ನು ನೀ ಎಂದರು.

"ಖಾಲಿ ಹಾಳಿ ಮ್ಯಾಲ ಬೆರಳಿಟ್ಟು ನಾ ಬರೋಬ್ಬರಿ ಅಂದೆ. ದಿನಾ ಅಂದೆ. ನೀ ಹಿಡೀತಿ ಅಂತ ಕಾಯಾಕತ್ತಿದ್ದೆ. ತಡೀರಿ ಅನ್ನೂ ಪಾಳಿ ನಿಂದಿತ್ತು."